ಬರೆ ಜಾರುವ ಮುನ್ನ

ಕೊಡಗಿಗೆ ಮಳೆ ಹೊಸದೇನಲ್ಲ. ಕಕ್ಕಡ ತಿಂಗಳಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣದಿದ್ದರೂ ಇಲ್ಲಿನವರು ಅಂಜುವುದಿಲ್ಲ. ಆದರೆ 2018ರ ಆಗಸ್ಟ್ ಆ ಧೈರ್ಯವನ್ನೇ ಅಲುಗಾಡಿಸಿತು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಸುತ್ತಮುತ್ತ ಗುಡ್ಡಗಳು ಮನೆ, ತೋಟ, ಗದ್ದೆಗಳ ಮೇಲೆ ಜಾರಿದವು. 2019ರಲ್ಲಿ ತೋರ ಮತ್ತು ಕೋರಂಗಾಲದ ಸರದಿ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆಯವರೂ ಸೇರಿ ಐವರು ಮಣ್ಣುಪಾಲಾದರು.

ತಲೆಮಾರುಗಳಿಂದ ಮಳೆಯನ್ನು ತಾಳಿಕೊಂಡು ನಿಂತಿದ್ದ ಗುಡ್ಡ ಜಾರುವುದೇಕೆ?

ಇಲ್ಲಿನ ಬೆಟ್ಟಗಳಲ್ಲಿ ಬಂಡೆಯ ಮೇಲೆ ದಪ್ಪನೆಯ ಮಣ್ಣಿನ ಹೊದಿಕೆಯಿದೆ. ಬಿಟ್ಟೂಬಿಡದೆ ಮಳೆ ಸುರಿದಾಗ ನೀರು ಈ ಮಣ್ಣಿನೊಳಗೆ ತುಂಬಿಕೊಳ್ಳುತ್ತದೆ. ಮಣ್ಣಿನ ತೂಕ ಹೆಚ್ಚುತ್ತದೆ. ಕಣಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಇಂಥ ಇಳಿಜಾರಿನ ಬುಡವನ್ನು ರಸ್ತೆಗೋ ಮನೆಗೋ ನೆಟ್ಟಗೆ ಕಡಿದಿದ್ದರೆ ಮೇಲಿನ ಮಣ್ಣಿಗೆ ಆಸರೆ ಎಲ್ಲಿಯದು? ಹೀಗೆ ಕಡಿದ ಗೋಡೆಯನ್ನೇ ಇಲ್ಲಿ ‘ಬರೆ’ ಎನ್ನುತ್ತಾರೆ.

2018ರ ಜುಲೈನಲ್ಲಿ ಭೂಮಿ ಲಘುವಾಗಿ ಕಂಪಿಸಿದ್ದರಿಂದ, ಕುಸಿತಕ್ಕೆ ಅದೇ ಕಾರಣವೆಂಬ ಮಾತು ಹಬ್ಬಿತು. ಆದರೆ ಸ್ಥಳ ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರು ಬೊಟ್ಟು ಮಾಡಿದ್ದು ಭಾರಿ ಮಳೆಯ ಜೊತೆಗೆ ಮನುಷ್ಯನೇ ಕಡಿದು ಬದಲಿಸಿದ ಇಳಿಜಾರುಗಳತ್ತ. ಬಯಲುಸೀಮೆಗೆ ವರವಾದ ಇಂಗುಗುಂಡಿ ಕೂಡ ಕಡಿದಾದ ಗುಡ್ಡದ ನೆತ್ತಿಯಲ್ಲಿ ಅಪಾಯಕ್ಕೆ ದಾರಿಯಾಗಬಹುದು. ಒಂದೂರಿನ ಮದ್ದು ಇನ್ನೊಂದೂರಿಗೆ ಒಗ್ಗಬೇಕೆಂದಿಲ್ಲ.

ಗುಡ್ಡದ ಬುಡದವರಿಗೆ ಮಣ್ಣಿನ ಭಯವಾದರೆ ಹೊಳೆದಂಡೆಯವರಿಗೆ ನೀರಿನದು. 2019ರಲ್ಲಿ ಉಕ್ಕಿದ ಕಾವೇರಿ ಕರಡಿಗೋಡು, ನೆಲ್ಯಹುದಿಕೇರಿಗಳಲ್ಲಿ ಬಡವರ ಮನೆಗಳನ್ನು ಕೆಡವಿ ಹೋಯಿತು. ಅಗ್ಗದ ಜಾಗ ಸಿಗುವುದು ಇಂಥ ಕಡೆಯಲ್ಲೇ ಎಂಬುದು ಈ ಜಿಲ್ಲೆಯ ದೊಡ್ಡ ಸಂಕಟ.

ಗುಡ್ಡ ಎಷ್ಟೋ ಸಲ ಮುನ್ಸೂಚನೆ ಕೊಡುತ್ತದೆ. ಅಂಗಳದಲ್ಲಿ ಅಥವಾ ಬರೆಯ ಮೇಲೆ ಹೊಸ ಬಿರುಕು, ವಾಲಿದ ಮರ ಮತ್ತು ವಿದ್ಯುತ್ ಕಂಬ, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು, ಹೊಸ ಜಾಗದಲ್ಲಿ ಉಕ್ಕುವ ಒರತೆ, ಏಕಾಏಕಿ ಕೆಂಪಾದ ಅಥವಾ ಬತ್ತಿದ ತೊರೆ: ಇವನ್ನು ಕಂಡರೆ ಕಾಯುತ್ತ ಕೂರಬಾರದು. ಬೆಳಕಿರುವಾಗಲೇ ಇಳಿಜಾರಿನಿಂದಲೂ ತೊರೆಯ ಹಾದಿಯಿಂದಲೂ ದೂರ ಸರಿದು, ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ತಿಳಿಸಬೇಕು. ಸೂಚನೆಯೇ ಇಲ್ಲದೆ ಕುಸಿಯುವುದೂ ಉಂಟು. ಆದ್ದರಿಂದ ಭಾರಿ ಮಳೆಯ ಎಚ್ಚರಿಕೆ ಬಂದ ರಾತ್ರಿ ಬರೆಯ ಕೆಳಗೆ ಮಲಗದಿರುವುದೇ ಜಾಣತನ.

ಮಳೆಗಾಲಕ್ಕೆ ಮೊದಲೇ ತಂದೆತಾಯಿಗಳು ಮಕ್ಕಳೊಡನೆ ಮನೆಯ ಹಿಂಬದಿಗೊಮ್ಮೆ ಹೋಗಿ ನೋಡಲಿ. ಬರೆ ಎಷ್ಟು ಎತ್ತರವಿದೆ? ಮಾಡಿನ ನೀರು ಎಲ್ಲಿಗೆ ಹರಿಯುತ್ತದೆ? ಚರಂಡಿ ಕಟ್ಟಿಕೊಂಡಿದೆಯೇ? ರಾತ್ರಿ ಹೊರಡಬೇಕಾಗಿ ಬಂದರೆ ಯಾರ ಮನೆಗೆ, ಯಾವ ದಾರಿಯಲ್ಲಿ? ಈ ಪ್ರಶ್ನೆಗಳಿಗೆ ಮನೆಯ ಕಿರಿಯ ಮಗುವಿಗೂ ಉತ್ತರ ಗೊತ್ತಿರಬೇಕು.