ಕಲ್ಲಿನ ಕೊಟ್ಟಿಗೆ, ಕಣಜ ಗೂಬೆ ಮತ್ತು ಕ್ಯಾಮೆರಾ

ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯಲ್ಲಿ ಸ್ವೇಲ್ ನದಿಯ ಕಣಿವೆಯೊಂದಿದೆ. ಹೆಸರು ಸ್ವೇಲ್‌ಡೇಲ್. ಮಕರ್, ಗನ್ನರ್‌ಸೈಡ್ ಹಳ್ಳಿಗಳ ಸುತ್ತ ಎತ್ತ ನೋಡಿದರೂ ಹುಲ್ಲುಗಾವಲು, ಗಾರೆಯಿಲ್ಲದೆ ಕಟ್ಟಿದ ಕಲ್ಲಿನ ಬೇಲಿ, ನಡುನಡುವೆ ಒಂಟಿಯಾಗಿ ನಿಂತ ಹಳೆಯ ಕಲ್ಲಿನ ಕೊಟ್ಟಿಗೆಗಳು. ಇಲ್ಲಿಗೆ ಬರುವ ಛಾಯಾಗ್ರಾಹಕರಲ್ಲಿ ಕೆಲವರಿಗೆ ಕಟ್ಟಡ ಬೇಕು, ಕೆಲವರಿಗೆ ಹಕ್ಕಿ ಬೇಕು. ಆದರೆ ಕೊಟ್ಟಿಗೆ ಹೇಗೆ ನಡೆಯುತ್ತಿತ್ತೆಂದು ತಿಳಿದವರಿಗೆ ಹಕ್ಕಿ ಎಲ್ಲಿ ಕಾಣಿಸುತ್ತದೆಂಬುದೂ ಅರ್ಧ ತಿಳಿದಂತೆಯೇ.

ಹೊಲದ ನಡುವೆ ಕೊಟ್ಟಿಗೆ ಏಕೆ?

ಅಲ್ಲಿನ ಚಳಿಗಾಲ ದೀರ್ಘ. ದನಗಳನ್ನು ತಿಂಗಳುಗಟ್ಟಲೆ ಒಳಗೇ ಕಟ್ಟಿ ಮೇವು ಹಾಕಬೇಕು. ಬೇಸಿಗೆಯಲ್ಲಿ ಕೊಯ್ದು ಒಣಗಿಸಿದ ಹುಲ್ಲನ್ನು ಮನೆಗೆ ಹೊರುವ ಬದಲು ರೈತರು ಆಯಾ ಹುಲ್ಲುಗಾವಲಿನ ಕೊಟ್ಟಿಗೆಗೇ ತುಂಬುತ್ತಿದ್ದರು. ಕೆಳಗೆ ನಾಲ್ಕಾರು ದನ, ಮೇಲೆ ಅಟ್ಟದಲ್ಲಿ ಹುಲ್ಲು. ರೈತ ಬೆಳಿಗ್ಗೆ, ಸಂಜೆ ಕೊಟ್ಟಿಗೆಯಿಂದ ಕೊಟ್ಟಿಗೆಗೆ ನಡೆದು ಮೇವು ಹಾಕಿ ಹಾಲು ಕರೆದು ಬರುತ್ತಿದ್ದ. ಸಗಣಿಗೊಬ್ಬರ ಅದೇ ಹುಲ್ಲುಗಾವಲಿಗೆ ಮರಳುತ್ತಿತ್ತು. 20ನೆಯ ಶತಮಾನದಲ್ಲಿ ಟ್ರ್ಯಾಕ್ಟರ್, ರಸಮೇವು, ದೊಡ್ಡ ಶೆಡ್ಡುಗಳು ಬಂದ ಮೇಲೆ ಹೆಚ್ಚಿನ ಕೊಟ್ಟಿಗೆಗಳಿಗೆ ಕೆಲಸವಿಲ್ಲದಾಯಿತು.

ದನ ಹೋದರೂ ಹಕ್ಕಿ ಹೋಗಲಿಲ್ಲ. ಕವಲುತೋಕೆ ಏಪ್ರಿಲ್ ಹೊತ್ತಿಗೆ ದಕ್ಷಿಣ ಆಫ್ರಿಕಾದಿಂದ ಬಂದು ಒಳಗಿನ ತೊಲೆಗಳ ಮೇಲೆ ಕೆಸರಿನ ಗೂಡು ಕಟ್ಟುತ್ತದೆ. ಚಳಿಗಾಲದಲ್ಲಿ ಕರ್ನಾಟಕದ ಬಯಲುಗಳಿಗೆ ವಲಸೆ ಬರುವ ಕವಲುತೋಕೆಯೂ ಇದೇ ಜಾತಿ. ಅದು ಬರುವುದು ಮಾತ್ರ ಏಷ್ಯಾದ ಉತ್ತರ ಭಾಗಗಳಿಂದ. ಇನ್ನು ಕಣಜ ಗೂಬೆ. ಇಲಿ ಹಿಡಿಯಲೆಂದು ಅದನ್ನು ರೈತರೇ ಕರೆಯುತ್ತಿದ್ದರು. ಇಂಗ್ಲೆಂಡಿನ ಹಲವು ಹಳೆಯ ಕೊಟ್ಟಿಗೆಗಳ ತ್ರಿಕೋನ ಗೋಡೆಯ ಮೇಲ್ತುದಿಯಲ್ಲಿ ಗೂಬೆಗೆಂದೇ ಬಿಟ್ಟ ಕಿಂಡಿಯನ್ನು ಇಂದಿಗೂ ನೋಡಬಹುದು.

ಟೊಳ್ಳು ಎತ್ತಿನೊಳಗೆ ಕ್ಯಾಮೆರಾ

ಹಕ್ಕಿ ಛಾಯಾಗ್ರಹಣದ ಆರಂಭದ ಕಥೆಗೂ ಈ ಕಣಿವೆಗೂ ನಂಟಿದೆ. ರಿಚರ್ಡ್ ಕೀರ್ಟನ್ (1862–1928) ಮತ್ತು ತಮ್ಮ ಚೆರ್ರಿ ಕೀರ್ಟನ್ (1871–1940) ಇಲ್ಲಿನ ಥ್ವೇಟ್ ಹಳ್ಳಿಯವರು. ಅಣ್ಣ ಬರೆಯುತ್ತಿದ್ದ, ತಮ್ಮ ಫೋಟೋ ತೆಗೆಯುತ್ತಿದ್ದ. 1892ರಲ್ಲಿ ಲಂಡನ್ ಬಳಿ ಚೆರ್ರಿ ತೆಗೆದ ಥ್ರಶ್ ಹಕ್ಕಿಯ ಗೂಡಿನ ಚಿತ್ರದಿಂದ ಅವರ ಜೊತೆಗೆಲಸ ಶುರುವಾಯಿತು. 1895ರಲ್ಲಿ ಬ್ರಿಟನ್ನಿನ ಹಕ್ಕಿಗೂಡುಗಳ ಬಗೆಗಿನ ಅವರ ಪುಸ್ತಕ ಹೊರಬಂತು. ಅದರ ಚಿತ್ರಗಳೆಲ್ಲ ನೇರವಾಗಿ ಹೊಲಕಾಡುಗಳಲ್ಲೇ ತೆಗೆದ ಫೋಟೋಗಳು.

ಆಗಿನ ಕ್ಯಾಮೆರಾ ಭಾರ, ಗಾಜಿನ ಫಲಕದ ಮೇಲೆ ಚಿತ್ರ. ಹಕ್ಕಿಯ ತೀರ ಹತ್ತಿರ ಹೋಗದೆ ಗತಿಯಿಲ್ಲ. ಅದಕ್ಕೇ ಸೋದರರು ಮರೆ ಹುಡುಕಿದರು. ಸುಳ್ಳು ಬಂಡೆ, ಸುಳ್ಳು ಮರದ ಬೊಡ್ಡೆ ಮಾಡಿದರು. ಎತ್ತಿನ ಚರ್ಮವನ್ನು ಚೌಕಟ್ಟಿಗೆ ಹೊದಿಸಿ, ಒಳಗೆ ನಿಂತು ಕ್ಯಾಮೆರಾ ಹಿಡಿದರು. ದನ ಮೇಯುವ ಬಯಲಲ್ಲಿ ಹಕ್ಕಿ ಎತ್ತಿಗೆ ಹೆದರುವುದಿಲ್ಲವಲ್ಲ!

ಮರೆಯಿದ್ದರೆ ಅಪಾಯವಿಲ್ಲವೆಂದಲ್ಲ. 1937ರಲ್ಲಿ ವೇಲ್ಸ್‌ನಲ್ಲಿ ಹಕ್ಕಿ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ (1909–1991) ಕತ್ತಲಲ್ಲಿ ಗೂಡಿನ ಬಳಿಯ ತಮ್ಮ ಮರೆಗೆ ಮರಳುವಾಗ ಕಂದು ಗೂಬೆಯೊಂದು ಎರಗಿ, ಅವರು ಒಂದು ಕಣ್ಣನ್ನೇ ಕಳೆದುಕೊಂಡರು. ಆದರೂ ಅವರು ಕ್ಯಾಮೆರಾ ಬಿಡಲಿಲ್ಲ. ಇಲಿ ಕಚ್ಚಿಕೊಂಡು ರೆಕ್ಕೆ ಅಗಲಿಸಿದ ಕಣಜ ಗೂಬೆಯ ಅವರ ಚಿತ್ರ ಜಗತ್ಪ್ರಸಿದ್ಧ.

ಮೊದಲು ಕಟ್ಟಡವನ್ನು ಓದಿ

ಕ್ಯಾಮೆರಾ ತೆಗೆಯುವ ಮುನ್ನ, ಮಾಲೀಕರ ಒಪ್ಪಿಗೆ ಪಡೆದು, ಕೊಟ್ಟಿಗೆಯನ್ನು ಹೊರಗಿನಿಂದ ಒಂದು ಸುತ್ತು ಹಾಕಿ. ಕಿಂಡಿಯ ಕೆಳಗೆ ಬಿಳಿ ಹಿಕ್ಕೆ, ನೆಲದಲ್ಲಿ ಹೆಬ್ಬೆರಳು ಗಾತ್ರದ ಹೊಳೆಯುವ ಕಪ್ಪು ಉಂಡೆ ಕಂಡರೆ ಅಲ್ಲಿ ಗೂಬೆಯ ವಾಸವಿದೆ. ಅರಗದ ಇಲಿಯ ಮೂಳೆ, ಕೂದಲುಗಳನ್ನು ಅದು ಹೀಗೆ ಕಕ್ಕುತ್ತದೆ. ಅಲ್ಲಿಂದ ಹಿಂದೆ ಸರಿದು, ದೂರದ ಕಲ್ಲುಬೇಲಿಯ ಮರೆಯಲ್ಲೋ ನಿಲ್ಲಿಸಿದ ಕಾರಿನಲ್ಲೋ ಕೂರುವುದು ಲೇಸು. ಮುಸ್ಸಂಜೆ ಗೂಬೆ ಉದ್ದ ಹುಲ್ಲಿನ ಅಂಚಿನಲ್ಲಿ ತಗ್ಗಾಗಿ ಹಾರುತ್ತ ಬೇಟೆಯಾಡುತ್ತದೆ.

ಕವಲುತೋಕೆಗೆ ಬೇರೆ ಉಪಾಯ. ಅದು ಒಂದೇ ಕಿಂಡಿಯಿಂದ ಮತ್ತೆ ಮತ್ತೆ ಒಳಹೊರಗೆ ಓಡಾಡುತ್ತದೆ. ಹಾರುವ ಹಕ್ಕಿಯನ್ನು ಬೆನ್ನಟ್ಟದೆ ಕಿಂಡಿಗೇ ಫೋಕಸ್ ನಿಲ್ಲಿಸಿ, ಶಟರ್ ವೇಗವನ್ನು ಸೆಕೆಂಡಿನ 1/2000 ಅಥವಾ ಅದಕ್ಕೂ ಚುರುಕಾಗಿ ಇಟ್ಟು ಕಾಯಿರಿ. ಒಳಗಿನ ಕತ್ತಲು, ಹೊರಗಿನ ಬೆಳಕು ಎರಡನ್ನೂ ಒಂದೇ ಚಿತ್ರ ಹಿಡಿಯಲಾರದು. ಬೆಳಕಿಗೆ ಅಳತೆ ಹೊಂದಿಸಿ, ಕತ್ತಲು ಕತ್ತಲಾಗಿಯೇ ಇರಲಿ. ಕಲ್ಲಿನ ಗೋಡೆಯ ಏರುತಗ್ಗು ಎದ್ದು ಕಾಣಬೇಕಾದರೆ ಬೆಳಗು, ಸಂಜೆಯ ಓರೆಬಿಸಿಲು ಬೇಕು. ಟೆಲಿಫೋಟೋ ಲೆನ್ಸಿನಿಂದ ಹಕ್ಕಿಯ ಮುಖವನ್ನಷ್ಟೇ ತುಂಬಿಸಿ ಹಿನ್ನೆಲೆಯನ್ನು ಮಸುಕಾಗಿಸಿದರೆ ಅದು ಎಲ್ಲಿಯ ಹಕ್ಕಿಯಾದರೂ ಆದೀತು. ತೊಲೆ, ಕಿಂಡಿ, ಹುಲ್ಲುಗಾವಲು ಚೌಕಟ್ಟಿನೊಳಗಿದ್ದರೆ ಅದು ಬದುಕುವ ಬಗೆಯೂ ದಾಖಲಾಗುತ್ತದೆ.

ಎಲ್ಲೆ ಮೀರಬಾರದು

ಬ್ರಿಟನ್ನಿನ 1981ರ ವನ್ಯಜೀವಿ ಕಾಯಿದೆಯ ಪ್ರಕಾರ ಗೂಡಿನಲ್ಲಿರುವ ಕಣಜ ಗೂಬೆಗೆ ತೊಂದರೆ ಕೊಡುವುದು ಅಪರಾಧ. ಗೂಡಿನ ಬಳಿ ಚಿತ್ರ ತೆಗೆಯಲು ಪರವಾನಗಿ ಬೇಕು. ಕೊಟ್ಟಿಗೆಗಳಲ್ಲಿ ಕೆಲವು ಈಗ ಕುಸಿಯುತ್ತಿವೆ, ಕೆಲವು ಮನೆಗಳಾಗಿ ಕಿಂಡಿ ಮುಚ್ಚಿಕೊಂಡಿವೆ. ಯಾವ ಕಿಂಡಿಯನ್ನು ಯಾವ ಹಕ್ಕಿ ಬಳಸುತ್ತಿತ್ತೆಂದು ತೋರಿಸುವ ಚಿತ್ರ ದುರಸ್ತಿ ಮಾಡುವವರಿಗೆ ನೆರವಾಗುತ್ತದೆ. ಆದ್ದರಿಂದ ಪ್ರತಿ ಚಿತ್ರದ ಹಿಂದೆ ದಿನಾಂಕ, ಕೊಟ್ಟಿಗೆಯ ಜಾಗ ಬರೆದಿಡಿ. ಗೂಬೆಯ ಗೂಡಿರುವ ಜಾಗವನ್ನು ಮಾತ್ರ ನಾಲ್ಕು ಜನರೆದುರು ಹೇಳಬೇಡಿ.