ಬಾಗುವ ಮರಕ್ಕೆ ಬಿಗಿ ಟರ್ಪಾಲು

ಬ್ರಹ್ಮಾವರದ ಕೋಡಿಬೆಂಗ್ರೆಯಿಂದ ಬೈಂದೂರಿನ ಸೋಮೇಶ್ವರದವರೆಗೆ ಹ್ಯಾಮಕ್ ಹೊತ್ತು ಹೊರಟವರಿಗೆ ಮರಗಳಿಗೇನೂ ಕೊರತೆಯಿಲ್ಲ. ಅಲುಗದ ಮರಗಳಿಗೆ ಮಾತ್ರ ಬರ. ಮರಳಿನಲ್ಲಿ ಗಾಳಿಮರ, ಅದರ ಹಿಂದೆ ತೆಂಗು, ಹೆದ್ದಾರಿ ದಾಟಿ ಮೂಡಕ್ಕೆ ಹೋದರೆ ಅಡಿಕೆ. ಮೂರೂ ಬಾಗುವ ಜಾತಿಯವೇ. ಹಲಸು, ಮಾವಿನಂಥ ಗಟ್ಟಿ ಬುಡದವು ಮನೆಯಂಗಳದ ಆಸುಪಾಸಿನಲ್ಲಿರುತ್ತವೆ. ಅಲ್ಲಿ ಮಲಗಲು ಮಾಡು ಇದ್ದೇ ಇದೆ.

ಡಿಸೆಂಬರ್, ಜನವರಿಯಲ್ಲಿ ಮಳೆಯೇ ಇಲ್ಲದಾಗ ಟರ್ಪಾಲು ಯಾಕೆ ಎನ್ನುವವರು ಕರಾವಳಿಯ ಇಬ್ಬನಿಯಲ್ಲಿ ಒಂದು ರಾತ್ರಿ ಕಳೆದು ನೋಡಬೇಕು. ಬೆಳಗಾಗುವುದರೊಳಗೆ ಹೊದಿಕೆ ಹಿಂಡುವಷ್ಟು ತೋಯ್ದಿರುತ್ತದೆ. ಹಾಗಾಗಿ ಟರ್ಪಾಲು ಬೇಕೇ ಬೇಕು, ತೊಂದರೆ ಶುರುವಾಗುವುದೂ ಅಲ್ಲಿಯೇ. ಸಂಜೆ ಎರಡು ಮರಗಳ ನಡುವೆ ಎಳೆದು ಬಿಗಿದ ಹಗ್ಗ, ಕೆಳಗಿನ ಜೋಲಿಗೆ ಮೈಚೆಲ್ಲಿದ ಕೂಡಲೇ ಜೋತು ಬೀಳುತ್ತದೆ. ಇಳಿದು ಮತ್ತೆ ಬಿಗಿದರೂ ಅಷ್ಟೇ. ಗಂಟನ್ನು ದೂರಿ ಫಲವಿಲ್ಲ, ಮರಗಳೇ ಒಳಕ್ಕೆ ಬಾಗಿರುತ್ತವೆ.

ಲೆಕ್ಕ ಸರಳವಾಗಿದೆ. 70 ಕಿಲೋ ತೂಕದವರು ಮಲಗಿದಾಗ ಜೋಲಿಯ ಹಗ್ಗ 30 ಡಿಗ್ರಿ ಇಳಿಜಾರಿನಲ್ಲಿದ್ದರೆ ಒಂದೊಂದು ಹಗ್ಗದ ಮೇಲೂ 70 ಕಿಲೋ ಎಳೆತ ಬೀಳುತ್ತದೆ. ಅಂದವಾಗಿ ಕಾಣಲೆಂದು ಅದನ್ನೇ 15 ಡಿಗ್ರಿಗೆ ಬಿಗಿದರೆ ಎಳೆತ ಸುಮಾರು 135 ಕಿಲೋಗೆ ಏರುತ್ತದೆ. ಜೋಲಿ ಬಿಗಿಯಾದಷ್ಟೂ ಮೇಲಿನ ಟರ್ಪಾಲು ಸಡಿಲ! ಮರದ ದಪ್ಪದ ಲೆಕ್ಕ ಇನ್ನೂ ನಿಷ್ಠುರ: ಕಾಂಡದ ದಪ್ಪ ಅರ್ಧವಾದರೆ ಬಾಗು 16 ಪಟ್ಟು ಹೆಚ್ಚುತ್ತದೆ. ಕಟ್ಟುವ ಎತ್ತರವನ್ನು ಅರ್ಧಕ್ಕಿಳಿಸಿದರೆ ಕಟ್ಟಿದ ಜಾಗದಲ್ಲಿನ ಬಾಗು ಎಂಟನೇ ಒಂದಕ್ಕೆ ಇಳಿಯುತ್ತದೆ. ಬಾಗಿದ ಮರ ಮೇಲೆ ಹೋದಷ್ಟೂ ಹೆಚ್ಚು ಸರಿಯುವುದರಿಂದ, ಜೋಲಿಗಿಂತ ಎತ್ತರದಲ್ಲಿರುವ ಟರ್ಪಾಲಿನ ಹಗ್ಗಕ್ಕೇ ಹೆಚ್ಚು ಪೆಟ್ಟು.

ಅಡಿಕೆ ತೋಟದಲ್ಲಿ ಇದಕ್ಕೊಂದು ಸೊಗಸಾದ ಪರಿಹಾರವಿದೆ. ಶಿಫಾರಸಿನ ಪ್ರಕಾರ ಅಡಿಕೆ ನೆಡುವುದು 2.7 ಮೀಟರ್ ಅಂತರದ ಚೌಕದಲ್ಲಿ. ಅಕ್ಕಪಕ್ಕದ ಮರಗಳ ನಡುವೆ ಜೋಲಿ ಹಿಡಿಸುವುದಿಲ್ಲ. ಆದರೆ ಚೌಕದ ಮೂಲೆಯಿಂದ ಮೂಲೆಗೆ 3.8 ಮೀಟರ್ ಸಿಗುತ್ತದೆ, ಸಾಮಾನ್ಯ ಜೋಲಿಗೆ ಅದು ಸಾಕು. ಅದೇ ಓರೆ ಸಾಲಿನಲ್ಲಿ ಆಚೆಗೊಂದು, ಈಚೆಗೊಂದು ಮರ ಇರುತ್ತದಲ್ಲ, ಟರ್ಪಾಲಿನ ಹಗ್ಗವನ್ನು ಅವುಗಳಿಗೆ ಕಟ್ಟಿ. ಹನ್ನೆರಡು ಮೀಟರಿನಷ್ಟು ಹಗ್ಗ, ಜೊತೆಗೆ ಗಂಟಿಗೆ ಸ್ವಲ್ಪ ಬೇಕಾಗುತ್ತದೆ, ಅಷ್ಟೇ. ಮಲಗಿದವರ ಭಾರ ಒಳಗಿನ ಎರಡು ಮರಗಳಿಗೆ, ಟರ್ಪಾಲು ಹೊರಗಿನ ಎರಡಕ್ಕೆ. ಕೊನೆ ಕೊಯ್ಯುವವರು ಮರದಿಂದ ಇಳಿಯದೆ, ಅದನ್ನೇ ತೂಗಿ ಪಕ್ಕದ ಮರಕ್ಕೆ ದಾಟುವುದನ್ನು ಕಂಡವರಿಗೆ ಅಡಿಕೆ ಮರ ಎಷ್ಟು ಬಾಗಬಲ್ಲದೆಂದು ಹೇಳಬೇಕಾಗಿಲ್ಲ.

ಗಾಳಿಮರದ ತೋಪಿನಲ್ಲಿ ಇಂಥ ಸಾಲು ಸಿಗುವ ಖಾತರಿಯಿಲ್ಲ. 1868ರಲ್ಲಿ ಕಾರವಾರದಲ್ಲಿ ಮೊದಲು ನೆಟ್ಟ ಈ ಮರ ಇಂದು ಕರಾವಳಿಯದ್ದೇ ಆಗಿಬಿಟ್ಟಿದೆ. ಒತ್ತಾಗಿ ಬೆಳೆಸಿದ ಕಡೆ ಬೆಳಕಿಗಾಗಿ ಸಪೂರವಾಗಿ ಮೇಲೇಳುತ್ತದೆ. ಇಲ್ಲಿ ಕಲಿಯಬೇಕಾದದ್ದು ಲೈನ್‌ಮನ್‌ಗಳಿಂದ. ರಸ್ತೆ ತಿರುವಿನ ಕರೆಂಟ್ ಕಂಬವನ್ನು ನೋಡಿ: ತಂತಿಗಳು ಒಂದು ಕಡೆ ಎಳೆದರೆ ಎದುರು ದಿಕ್ಕಿನಲ್ಲಿ ಸ್ಟೇ ವೈರ್ ನೆಲಕ್ಕೆ ಹಿಡಿದು ನಿಲ್ಲಿಸಿರುತ್ತದೆ. ಜೋಲಿ ಕಟ್ಟಿದ ಎತ್ತರದಿಂದಲೇ ಹಿಂದಕ್ಕೆ ಒಂದು ಹಗ್ಗ ಬಿಗಿದರೆ ಮರ ಒಳಕ್ಕೆ ವಾಲುವುದು ಬಹಳ ಕಡಿಮೆಯಾಗುತ್ತದೆ. ಆದರೆ ಮರಳಿನಲ್ಲಿ ಗೂಟ ನಿಲ್ಲದು. ತೆಂಗಿನ ಮಡಲಿನ ಒಣಗಿ ಬಿದ್ದ ಕೊತ್ತಳಿಂಗೆಗೆ ಹಗ್ಗ ಕಟ್ಟಿ, ಎಳೆತಕ್ಕೆ ಅಡ್ಡವಾಗಿ ಮೊಣಕಾಲುದ್ದ ಗುಂಡಿಯಲ್ಲಿ ಹೂತು ತುಳಿದರೆ ಗೂಟಕ್ಕಿಂತ ಚೆನ್ನಾಗಿ ಹಿಡಿಯುತ್ತದೆ.

ಭಾರದಿಂದಾಗುವ ಬಾಗಿಗೆ ಇಷ್ಟು ಸಾಕು. ಗಾಳಿಯ ತೂಗಾಟಕ್ಕೆ ಸಾಲದು. ಹಗಲು ಕಡಲಿನಿಂದ ಬೀಸಿದ ಗಾಳಿ ರಾತ್ರಿ ನೆಲದ ಕಡೆಯಿಂದ ತಿರುಗಿ ಬರುತ್ತದೆ. ಮರ ರಾತ್ರಿಯಿಡೀ ಹಿಂದೆ ಮುಂದೆ ಆಡುತ್ತಿರುವಾಗ ಹಗ್ಗವೂ ಅದರೊಂದಿಗೆ ಉದ್ದವಾಗಬೇಕು, ಗಿಡ್ಡವಾಗಬೇಕು. ನನಗೆ ಹೆಚ್ಚು ಹಿಡಿಸಿದ ಉಪಾಯ ತೂಗುಭಾರ. ಹಗ್ಗದ ಒಂದು ತುದಿಯನ್ನು ಮರಕ್ಕೆ ಗಂಟು ಹಾಕದೆ, ಮರಕ್ಕೆ ಕಟ್ಟಿದ ಬಳೆಯೊಂದರ ಮೂಲಕ ಹಾಯಿಸಿ, ಕೆಳಗೆ ಐದು ಲೀಟರಿನ ನೀರಿನ ಕ್ಯಾನನ್ನೋ ಮರಳು ತುಂಬಿದ ಚೀಲವನ್ನೋ ನೇತುಹಾಕುವುದು. ಮರ ಒಳಕ್ಕೆ ಬಂದರೆ ಕ್ಯಾನ್ ಇಳಿಯುತ್ತದೆ, ಹೊರಕ್ಕೆ ಹೋದರೆ ಏರುತ್ತದೆ, ಎಳೆತ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ತೊಗಟೆಯ ಮೇಲೆ ಹಗ್ಗ ಉಜ್ಜಿದರೆ ಇದು ಕೆಲಸ ಮಾಡದು, ಸಣ್ಣ ರಾಟೆ ಇದ್ದರೆ ಇನ್ನೂ ಒಳ್ಳೆಯದು. ಬದಿಯ ಹಗ್ಗಗಳಿಗೆ ಹಳೆ ಸೈಕಲ್ ಟ್ಯೂಬಿನ ತುಂಡು ಸಾಕು. ಅಂಗಡಿಯ ದುಬಾರಿ ಇಲಾಸ್ಟಿಕ್ ಮಾಡುವುದೂ ಇದೇ ಕೆಲಸ.

ಹಗ್ಗದ ವಿಷಯದಲ್ಲಿ ಒಂದು ಮಾತು. ನೈಲಾನ್ ನೀರು ಹೀರಿ ಉದ್ದವಾಗುತ್ತದೆ, ಇಬ್ಬನಿಗೂ ಸಡಿಲವಾಗುತ್ತದೆ. ಪಾಲಿಯೆಸ್ಟರ್ ಹಾಗಲ್ಲ. ಇನ್ನು ಮಳೆಗಾಲದಲ್ಲೇ ಮಲಗುವ ಹಟವಿದ್ದರೆ ಟರ್ಪಾಲಿಗೆ ಇಳಿಜಾರು ಕೊಡಲೇಬೇಕು. ಒಂದು ಚದರ ಮೀಟರಿನಲ್ಲಿ ಒಂದು ಸೆಂಟಿಮೀಟರ್ ನೀರು ನಿಂತರೂ 10 ಕಿಲೋ. ಆ ಭಾರಕ್ಕೆ ಮರ ಬಾಗುತ್ತದೆ, ಬಾಗಿದ ಮೇಲೆ ಇನ್ನಷ್ಟು ನೀರು ನಿಲ್ಲುತ್ತದೆ, ಕೊನೆಗೆ ಎಲ್ಲವೂ ಮಲಗಿದವರ ಎದೆಯ ಮೇಲೆ.

ತೋಟದವರನ್ನು ಕೇಳದೆ ಕಟ್ಟಬಾರದು. ಅಡಿಕೆ, ತೆಂಗಿನ ಕಾಂಡಕ್ಕೆ ಆದ ಗಾಯ ಬೇರೆ ಮರಗಳಂತೆ ಮುಚ್ಚಿಕೊಳ್ಳುವುದಿಲ್ಲ, ಆದ್ದರಿಂದ ಸಪೂರ ಹಗ್ಗದ ಬದಲು ಅಗಲ ಪಟ್ಟಿಯನ್ನೇ ಸುತ್ತಬೇಕು. ಕೊಲ್ಲೂರಿನ ಕಡೆ ಮೂಕಾಂಬಿಕಾ ವನ್ಯಜೀವಿಧಾಮದೊಳಗೆ ತಂಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ತೆಂಗಿನ ತೋಪಿನಲ್ಲಾದರೆ ಕಾಯಿ ಯಾವಾಗ ಇಳಿಸಿದ್ದು ಎಂದು ಮೊದಲೇ ವಿಚಾರಿಸಿ, ತಲೆಯೆತ್ತಿ ಒಣ ಮಡಲನ್ನೂ ನೋಡಿಕೊಂಡು ಆಮೇಲೆ ಹಗ್ಗ ಬಿಚ್ಚಿ.