ಜಗಲಿ ಮಾತಿನಲ್ಲಿ ವಿಜ್ಞಾನ

“ನಿಮ್ಮನೇಲಿ ಬೇಳೆ ಬೆಂತೇನ್ರೀ? ನಮ್ಮನೇದು ಒಂದು ಗಂಟೆ ಕುದಿಸಿದ್ರೂ ಕಲ್ಲು ಕಲ್ಲಾಗೇ ಇತ್ತು.”

“ಬೋರ್‌ವೆಲ್ ನೀರು ಹಾಕಿರ್ತೀರ. ನಾನು ಬೇಳೆಗೆ ಬಾವಿ ನೀರೇ ಹಾಕೋದು.”

“ಹುಣಸೆಹಣ್ಣು ಮೊದ್ಲೇ ಹಿಂಡಿಬಿಟ್ರೋ ಏನೋ!”

ಇಂಥ ಮಾತುಗಳನ್ನು ಕೇಳದವರು ಯಾರಿದ್ದಾರೆ? ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಾನು ಮೇಷ್ಟ್ರಾಗಿ ಕೆಲಸಕ್ಕೆ ಸೇರಿದಾಗ ನಾವಿದ್ದದ್ದು ಒಂದು ವಠಾರದಲ್ಲಿ. ಮಧ್ಯಾಹ್ನ ಮೂರು ಗಂಟೆಯಾದರೆ ಎದುರುಮನೆಯ ಜಗಲಿಯ ಮೇಲೆ ನಾಲ್ಕೈದು ಮಂದಿ ಹೆಂಗಸರು ಸೇರುತ್ತಿದ್ದರು. ಒಬ್ಬರ ಮಡಿಲಲ್ಲಿ ಅಕ್ಕಿಯ ಮೊರ, ಇನ್ನೊಬ್ಬರ ಕೈಯಲ್ಲಿ ಸೊಪ್ಪಿನ ಕಂತೆ. ಮಾತು ಸಾರಿನ ಪುಡಿಯಿಂದ ಶುರುವಾಗಿ ಸೀಮೆಎಣ್ಣೆಯ ರೇಟು, ಮಗನ ಪರೀಕ್ಷೆ, ಅತ್ತೆಯ ಮಂಡಿನೋವು ಎಲ್ಲವನ್ನೂ ಸುತ್ತಿ ಮತ್ತೆ ಇಡ್ಲಿ ಹಿಟ್ಟಿಗೆ ಬಂದು ನಿಲ್ಲುತ್ತಿತ್ತು.

ಶಾಲೆಯಿಂದ ಬಂದವನು ಉತ್ತರಪತ್ರಿಕೆಗಳ ಕಟ್ಟು ಹಿಡಿದು ಒಳಗೆ ಹೋಗುವಾಗ “ಇವರಿಗೆ ಬೇರೆ ಕೆಲಸವಿಲ್ಲ” ಎಂದುಕೊಳ್ಳುತ್ತಿದ್ದೆ. ನಾನೋ ಬಿ.ಎಸ್ಸಿ., ಬಿ.ಎಡ್. ಪಾಸು ಮಾಡಿದವನು! ಆ ಜಂಬ ಇಳಿದದ್ದು ಹೇಗೆಂದು ಮೊದಲು ಹೇಳಿಬಿಡುತ್ತೇನೆ.

ರಾಮನವಮಿಯ ಮಜ್ಜಿಗೆ

ಅದು 1999ರ ರಾಮನವಮಿ. ವಠಾರಕ್ಕೆಲ್ಲ ಪಾನಕ, ನೀರುಮಜ್ಜಿಗೆ ಹಂಚುವ ಹುಮ್ಮಸ್ಸಿನಲ್ಲಿ ಅಟ್ಟದ ಮೇಲಿದ್ದ ದೊಡ್ಡ ಹಿತ್ತಾಳೆ ಕೊಳಗವನ್ನು ಕೆಳಗಿಳಿಸಿದೆ. ಹುಣಸೆಹಣ್ಣು ಹಾಕಿ ಉಜ್ಜಿದ್ದರಿಂದ ಬಂಗಾರದಂತೆ ಹೊಳೆಯುತ್ತಿತ್ತು. ಹಿಂದಿನ ರಾತ್ರಿಯೇ ಮಜ್ಜಿಗೆ ಮಾಡಿ ಅದರಲ್ಲಿ ತುಂಬಿಡುವುದೆಂದು ತೀರ್ಮಾನವಾಯಿತು.

ಎದುರುಮನೆಯ ಅಜ್ಜಿ ಬಾಗಿಲಲ್ಲೇ ನಿಂತು ಹೇಳಿದರು: “ಕಲಾಯಿ ಹೋಗಿದೆ ಕಣಪ್ಪಾ ಮೇಷ್ಟ್ರೇ. ಹುಳಿ ಪದಾರ್ಥ ಹಾಕಬೇಡಿ. ಕಿಲುಬು ಬಿಡುತ್ತೆ.”

ನಾನು ನಕ್ಕೆ. ಲೋಹಗಳ ಪಾಠವನ್ನು ಅದೇ ವರ್ಷ ಮಾಡಿದ್ದೆ. ಸತುವನ್ನು ದುರ್ಬಲ ಆಮ್ಲಕ್ಕೆ ಹಾಕಿದರೆ ಹೈಡ್ರೋಜನ್ ಗುಳ್ಳೆಗಳು ಬರುತ್ತವೆ, ತಾಮ್ರವನ್ನು ಹಾಕಿದರೆ ಬರುವುದಿಲ್ಲ ಎಂಬುದು ಪುಸ್ತಕದಲ್ಲಿರುವ ಮಾತು. ಹಿತ್ತಾಳೆಯಲ್ಲಿ ಹೆಚ್ಚು ಪಾಲು ತಾಮ್ರವೇ. “ಒಂದು ರಾತ್ರಿಗೆ ಏನೂ ಆಗಲ್ಲ ಅಜ್ಜಿ, ತಾಮ್ರ ಅಷ್ಟು ಸುಲಭವಾಗಿ ಕರಗೋದಿಲ್ಲ” ಎಂದು ಅವರಿಗೇ ಪಾಠ ಹೇಳಿದೆ.

ಮರುದಿನ ಮಜ್ಜಿಗೆ ಕುಡಿದ ಒಂದು ಗಂಟೆಯೊಳಗೆ ಆರು ಮಂದಿಗೆ ವಾಂತಿ ಶುರುವಾಯಿತು. ಅದರಲ್ಲಿ ನನ್ನ ಮೂರು ವರ್ಷದ ಮಗಳೂ ಒಬ್ಬಳು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, “ಯಾವ ಪಾತ್ರೇಲಿ ಇಟ್ಟಿದ್ರಿ?” ಮನೆಗೆ ಓಡಿಬಂದು ನೋಡಿದರೆ ಕೊಳಗದ ಒಳಗೆ, ಮಜ್ಜಿಗೆಯ ಮಟ್ಟವಿದ್ದ ಜಾಗದಲ್ಲಿ, ತೆಳ್ಳಗೆ ಹಸಿರು ಗೆರೆ. ರಾತ್ರಿಯೆಲ್ಲ ಮಗಳಿಗೆ ಗ್ಲೂಕೋಸ್ ಹನಿಯುತ್ತಿದ್ದರೆ ನಾನು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ದೇವರ ದಯೆ, ಮರುದಿನದ ಹೊತ್ತಿಗೆ ಎಲ್ಲರೂ ಸುಧಾರಿಸಿಕೊಂಡರು. ಅಜ್ಜಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಹಾಗಾದರೆ ಪುಸ್ತಕ ಸುಳ್ಳು ಹೇಳಿತ್ತೇ? ಇಲ್ಲ. ನಾನು ಅರ್ಧವನ್ನಷ್ಟೇ ಓದಿಕೊಂಡಿದ್ದೆ. ದುರ್ಬಲ ಆಮ್ಲದಿಂದ ಹೈಡ್ರೋಜನ್ ಅನ್ನು ಹೊರಗಟ್ಟುವ ಶಕ್ತಿ ತಾಮ್ರಕ್ಕಿಲ್ಲ, ನಿಜ. ಆದರೆ ಪಾತ್ರೆಯ ಸುತ್ತ ಗಾಳಿ ಇದೆಯಲ್ಲ! ಗಾಳಿಯ ಆಮ್ಲಜನಕ ತಾಮ್ರದ ಮೇಲ್ಮೈಯೊಡನೆ ಕೂಡಿ ಆಕ್ಸೈಡ್ ಆಗುತ್ತದೆ. ಆ ಆಕ್ಸೈಡನ್ನು ಮಜ್ಜಿಗೆಯ ಲ್ಯಾಕ್ಟಿಕ್ ಆಮ್ಲ ಸುಲಭವಾಗಿ ಕರಗಿಸುತ್ತದೆ. ಗುಳ್ಳೆ ಬರುವುದಿಲ್ಲ, ಸದ್ದಾಗುವುದಿಲ್ಲ, ರಾತ್ರಿಯಿಡೀ ಕೆಲಸ ಸಾಗುತ್ತಲೇ ಇರುತ್ತದೆ. ಹಿತ್ತಾಳೆಯಲ್ಲಿರುವ ಸತುವೂ ಹುಳಿಗೆ ಕರಗುವಂಥದೇ.

ಇದಕ್ಕೆ ಹಿರಿಯರು ಕಂಡುಕೊಂಡ ಉಪಾಯವೇ ಕಲಾಯಿ. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ತಾಮ್ರ ಕರಗಲು 1085 ಡಿಗ್ರಿ ಬೇಕು. ಕಲಾಯಿ ಹಾಕುವವನು ತಿದಿಯೊತ್ತಿ ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಎರಚಿ, ತವರ ತಾಗಿಸಿ ಹತ್ತಿಯಿಂದ ಉಜ್ಜುತ್ತಿದ್ದುದನ್ನು ಹಿರಿಯ ಓದುಗರು ನೋಡಿರುತ್ತೀರಿ. ಆ ನವಸಾಗರ ಎಂದರೆ ಅಮೋನಿಯಂ ಕ್ಲೋರೈಡ್. ಲೋಹದ ಮೇಲಿನ ಆಕ್ಸೈಡನ್ನು ಅದು ತೆಗೆದುಹಾಕುವುದರಿಂದಲೇ ತವರ ಕಚ್ಚಿಕೊಳ್ಳುವುದು. ಜಗಲಿಯ ಅಜ್ಜಿಗೆ ಆಕ್ಸೈಡ್ ಎಂಬ ಹೆಸರು ಗೊತ್ತಿರಲಿಲ್ಲ. ಆದರೆ ಕಿಲುಬು ಯಾವಾಗ ಬಿಡುತ್ತದೆ, ಯಾವುದರಿಂದ ಬಿಡುತ್ತದೆ ಎಂಬುದು ನನಗಿಂತ ಚೆನ್ನಾಗಿ ಗೊತ್ತಿತ್ತು.

ಬೇಳೆ ಯಾಕೆ ಬೇಯಲಿಲ್ಲ?

ಅಂದಿನಿಂದ ಜಗಲಿಯ ಮಾತಿಗೆ ಕಿವಿಗೊಡತೊಡಗಿದೆ. ಆರಂಭದಲ್ಲಿ ಹೇಳಿದ ಬೇಳೆಯ ಮಾತನ್ನೇ ನೋಡಿ. ಮೂಲೆಮನೆಯವರು ತಪ್ಪೆಲ್ಲ ಬೋರ್‌ವೆಲ್ ನೀರಿನದು ಎಂದರು. ಮಂಗಳೂರಿನಿಂದ ವರ್ಗವಾಗಿ ಬಂದ ಪೋಸ್ಟ್‌ಮಾಸ್ಟರರ ಹೆಂಡತಿ, “ನಮ್ಮ ಊರಲ್ಲಿ ಯಾವ ಬೇಳೆಯಾದ್ರೂ ಬೇಗ ಬೇಯುತ್ತಿತ್ತು, ಇಲ್ಲಿಯ ಹವೆಯೇ ಹೀಗೆ” ಎಂದರು. ಅಜ್ಜಿ ಹುಣಸೆಹಣ್ಣಿನ ಕಡೆ ಬೆರಳು ತೋರಿಸಿದರು. ಇನ್ನೊಬ್ಬರು ಉಪ್ಪನ್ನು ಮೊದಲೇ ಹಾಕಬಾರದು ಎಂದರು. ಒಂದು ಸಮಸ್ಯೆ, ನಾಲ್ಕು ಕಾರಣ! ವಿಜ್ಞಾನದಲ್ಲಿ ಇಂಥ ಊಹೆಗಳಿಗೆ ‘ಪ್ರಾಕ್ಕಲ್ಪನೆ’ ಎಂಬ ದೊಡ್ಡ ಹೆಸರಿದೆ, ಅಷ್ಟೇ.

ನಾಲ್ಕರಲ್ಲಿ ಯಾವುದು ಸರಿ? ಒಂದು ಭಾನುವಾರ ಒಂದೇ ಅಳತೆಯ ಎರಡು ಪಾತ್ರೆ ತೆಗೆದುಕೊಂಡೆವು. ಎರಡಕ್ಕೂ ಒಂದೇ ಡಬ್ಬಿಯ ನೂರು ನೂರು ಗ್ರಾಂ ತೊಗರಿಬೇಳೆ, ಅರ್ಧರ್ಧ ಲೀಟರ್ ನೀರು. ಒಂದಕ್ಕೆ ಬೋರ್‌ವೆಲ್ ನೀರು, ಇನ್ನೊಂದಕ್ಕೆ ಹಿಡಿದಿಟ್ಟ ಮಳೆನೀರು. ಒಂದು ಉರಿ ಜೋರು, ಇನ್ನೊಂದು ಮೆಲ್ಲಗೆ ಎಂಬ ತಕರಾರು ಬಾರದಿರಲೆಂದು ಒಲೆಗಳನ್ನು ಅದಲುಬದಲು ಮಾಡಿ ಮತ್ತೊಮ್ಮೆ ಬೇಯಿಸಿದೆವು. ಎರಡು ಸಲವೂ ಮಳೆನೀರಿನ ಬೇಳೆ ಮುಕ್ಕಾಲು ಗಂಟೆಯೊಳಗೆ ಬೆರಳಿಗೆ ಮೆತ್ತಗೆ ಸಿಕ್ಕಿತು. ಬೋರ್‌ವೆಲ್ ನೀರಿನದು ಒಂದು ಗಂಟೆಯಾದರೂ ನುಣ್ಣಗಾಗಲಿಲ್ಲ.

ಕಾರಣ ಇಷ್ಟು. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವುದು ಪೆಕ್ಟಿನ್ ಎಂಬ ವಸ್ತು. ಬಿಸಿನೀರಿನಲ್ಲಿ ಪೆಕ್ಟಿನ್ ಕರಗಿದರೆ ಕೋಶಗಳು ಬಿಡಿಬಿಡಿಯಾಗುತ್ತವೆ. ಬೇಳೆ ಕರಗಿತು ಎನ್ನುತ್ತೇವಲ್ಲ, ಅದು ಇದೇ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಪೆಕ್ಟಿನ್ನಿಗೆ ಬೆಸುಗೆ ಹಾಕಿದಂತೆ ಹಿಡಿದುಕೊಂಡು ಅದನ್ನು ಕರಗಗೊಡುವುದಿಲ್ಲ. ಹುಣಸೆಹಣ್ಣಿನ ಹುಳಿಯೂ ಪೆಕ್ಟಿನ್ ಕರಗುವುದಕ್ಕೆ ಅಡ್ಡಿ. ಬೇಳೆ ಬೆಂದ ಮೇಲೆಯೇ ಹುಳಿ ಹಿಂಡಬೇಕು ಎಂದ ಅಜ್ಜಿಯ ಮಾತು ಪೂರಾ ಸರಿ. ಉಪ್ಪಿನ ವಿಷಯಕ್ಕೆ ಮಾಡಿದ ಪರೀಕ್ಷೆಯಲ್ಲಿ ಮಾತ್ರ ಕಣ್ಣಿಗೆ ಕಾಣುವ ವ್ಯತ್ಯಾಸ ಸಿಗಲಿಲ್ಲ.

“ಹಾಗಾದರೆ ನಾನು ಹೇಳಿದ್ದು ಸುಳ್ಳಾ ಮೇಷ್ಟ್ರೇ?” ಎಂದರು ಪೋಸ್ಟ್‌ಮಾಸ್ಟರರ ಹೆಂಡತಿ. ಇಲ್ಲ. ಸಮುದ್ರದ ದಂಡೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ನಮ್ಮ ಕಡೆ ಗಾಳಿಯ ಒತ್ತಡ ಕಡಿಮೆ. ಹಾಗಾಗಿ ಸುಮಾರು 97 ಡಿಗ್ರಿಗೇ ಕುದಿ ಬರುತ್ತದೆ. ಆಮೇಲೆ ಎಷ್ಟು ಉರಿ ಹಾಕಿದರೂ ತೆರೆದ ಪಾತ್ರೆಯ ನೀರಿನ ಬಿಸಿ ಏರುವುದಿಲ್ಲ, ಆವಿ ಹೆಚ್ಚಾಗುತ್ತದೆ ಅಷ್ಟೆ. ಬೇಳೆ ತಡವಾಗಿ ಬೇಯಲು ಅದೂ ಒಂದು ಕಾರಣವೇ. ಆದರೆ ನಮ್ಮ ಎರಡು ಪಾತ್ರೆಗಳೂ ಒಂದೇ ಊರಿನಲ್ಲಿದ್ದುದರಿಂದ ಎತ್ತರದ ಪರಿಣಾಮವನ್ನು ಆ ಪ್ರಯೋಗ ತೋರಿಸಲಾರದು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಮಿಕ್ಕಿದ್ದೆಲ್ಲ ಒಂದೇ ಆಗಿರಬೇಕು ಎಂದು ಶಾಲೆಯಲ್ಲಿ ಎಷ್ಟು ಸಲ ಬಾಯಿಪಾಠ ಮಾಡಿಸಿದ್ದೆನೋ! ಅದರ ಅರ್ಥ ನನಗೇ ಮನದಟ್ಟಾದದ್ದು ಆ ದಿನ.

ಕುಕ್ಕರ್ ಈ ತೊಡಕನ್ನು ಬಿಡಿಸುತ್ತದೆ. ಆವಿಯನ್ನು ಹೊರಹೋಗಲು ಬಿಡದೆ ಒತ್ತಡ ಏರಿಸಿದರೆ ನೀರು ಸುಮಾರು 120 ಡಿಗ್ರಿಯವರೆಗೆ ಕಾಯುತ್ತದೆ. 1679ರಲ್ಲಿ ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಮೂಳೆಯನ್ನೂ ಮೆತ್ತಗೆ ಮಾಡುವ ಇಂಥ ಪಾತ್ರೆಯೊಂದನ್ನು ಮಾಡಿ ತೋರಿಸಿದ್ದ. ಬೇಗ ಬೇಯಲೆಂದು ಚಿಟಿಕೆ ಅಡುಗೆ ಸೋಡಾ ಹಾಕುವವರೂ ಇದ್ದಾರೆ. ಬೇಳೆ ಮೆತ್ತಗಾಗುವುದೇನೋ ನಿಜ. ಆದರೆ ಬೇಳೆಯಲ್ಲಿರುವ ಬಿ1 ಜೀವಸತ್ವ ಸೋಡಾದ ಕ್ಷಾರಕ್ಕೆ ನಾಶವಾಗುತ್ತದೆ.

ಸಾವಿರ ವರ್ಷದ ಹಿಟ್ಟು

ಡಿಸೆಂಬರ್ ಬಂತೆಂದರೆ ಜಗಲಿಯಲ್ಲಿ ಇಡ್ಲಿ ಹಿಟ್ಟಿನದೇ ಚರ್ಚೆ. “ರಾತ್ರಿ ಒಲೆ ಪಕ್ಕ ಇಟ್ಟೆ, ಆದ್ರೂ ಉಬ್ಬಲಿಲ್ಲ.” “ಕಂಬಳಿ ಸುತ್ತಿ ಇಡಿ.” ಹಿಟ್ಟು ಉಬ್ಬಿಸುವ ಬ್ಯಾಕ್ಟೀರಿಯಾಗಳನ್ನು ಯಾರೂ ಅಂಗಡಿಯಿಂದ ತರುವುದಿಲ್ಲ. ಹೆಚ್ಚಿನವು ಉದ್ದಿನ ಜೊತೆಯಲ್ಲೇ ಬಂದಿರುತ್ತವೆ. ಅವು ಬೆಳೆಯುತ್ತ ಆಮ್ಲವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೊರಹಾಕುತ್ತವೆ. ಆಮ್ಲದಿಂದ ಹುಳಿ, ಅನಿಲದಿಂದ ಉಬ್ಬು. ಉದ್ದಿನ ಲೋಳೆ ಆ ಗುಳ್ಳೆಗಳನ್ನು ಹಿಡಿದಿಡುತ್ತದೆ. ಉದ್ದು ಕಡಿಮೆಯಾದರೆ ಇಡ್ಲಿ ಕಲ್ಲಾಗುವುದು ಅದಕ್ಕೇ. ಚಳಿಯಲ್ಲಿ ಈ ಜೀವಿಗಳು ಮಂದವಾಗುತ್ತವೆ. ಕಂಬಳಿಗೆ ಸ್ವಂತ ಬಿಸಿ ಇಲ್ಲ, ಇರುವ ಬಿಸಿಯನ್ನು ಅದು ಕಾಯುತ್ತದೆ.

ಇದು ಇಂದು ನಿನ್ನೆಯ ಮಾತಲ್ಲ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ಸುಮಾರು 1025ರಲ್ಲಿ ಚಾವುಂಡರಾಯನು ಬರೆದ ‘ಲೋಕೋಪಕಾರ’ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವ ವಿವರವಿದೆ. ಮೂರನೆಯ ಮಂಗರಸ ಹದಿನಾರನೆಯ ಶತಮಾನದಲ್ಲಿ ‘ಸೂಪಶಾಸ್ತ್ರ’ವೆಂಬ ಅಡುಗೆಯ ಗ್ರಂಥವನ್ನೇ ಪದ್ಯದಲ್ಲಿ ರಚಿಸಿದ. ಈ ಪಂಡಿತರು ಬರೆಯುವ ಮೊದಲು ಯಾರೋ ನೆನೆಸಿ, ರುಬ್ಬಿ, ಕೆಡಿಸಿ, ಮತ್ತೆ ಮಾಡಿ, ನೆರೆಯವರೊಡನೆ ಮಾತಾಡಿರಬೇಕಲ್ಲವೇ? ಅವರ ಹೆಸರು ಯಾವ ಗ್ರಂಥದಲ್ಲೂ ಇಲ್ಲ.

ಭರಣಿ ಮುಟ್ಟಿದ ಹುಡುಗಿ

ಹಾಗೆಂದು ಜಗಲಿಯಲ್ಲಿ ಆಡಿದ್ದೆಲ್ಲ ಸತ್ಯವಲ್ಲ. ಅಂದು ಗ್ಲೂಕೋಸ್ ಹಾಕಿಸಿಕೊಂಡು ಮಲಗಿದ್ದ ನನ್ನ ಮಗಳಿಗೆ 2009ರಲ್ಲಿ ಹದಿಮೂರು ವರ್ಷ. ತಿಂಗಳ ಆ ಮೂರು ದಿನಗಳಲ್ಲಿ ಹೆಣ್ಣುಮಕ್ಕಳು ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆ ಎಂಬ ಮಾತನ್ನು ಅವಳು ಜಗಲಿಯಲ್ಲೇ ಕೇಳಿದಳು. ಅವಳು ವಾದ ಮಾಡಲಿಲ್ಲ. ಒಂದೇ ಮಾವಿನಕಾಯಿ ಉಪ್ಪಿನಕಾಯಿಯನ್ನು ಮೂರು ಸಣ್ಣ ಬಾಟಲಿಗಳಿಗೆ ತುಂಬಿದಳು. ಒಂದನ್ನು ಆ ದಿನಗಳಲ್ಲಿ ತಾನೇ ತೆರೆದು ಒಣ ಚಮಚದಿಂದ ಕಲಕಿದಳು. ಎರಡನೆಯದನ್ನು ಅವಳ ತಾಯಿ ಹಾಗೆಯೇ ಕಲಕಿದಳು. ಮೂರನೆಯದಕ್ಕೆ ಒದ್ದೆ ಚಮಚ.

ತಿಂಗಳ ನಂತರ ಬೂಷ್ಟು ಹಿಡಿದದ್ದು ಮೂರನೆಯದಕ್ಕೆ ಮಾತ್ರ. ಉಪ್ಪು ಗಟ್ಟಿಯಾಗಿದ್ದರೆ ಸೂಕ್ಷ್ಮಜೀವಿಗಳಿಗೆ ಬೇಕಾದ ನೀರು ದಕ್ಕುವುದಿಲ್ಲ. ಒದ್ದೆ ಚಮಚದ ನೀರು ಮೇಲ್ಭಾಗದ ಉಪ್ಪನ್ನು ತೆಳುವಾಗಿಸಿ ಬೂಷ್ಟಿಗೆ ಜಾಗ ಮಾಡಿಕೊಡುತ್ತದೆ. ಕೆಡಿಸಿದ್ದು ನೀರು, ಹುಡುಗಿಯಲ್ಲ.

ಮೂರು ಬಾಟಲಿಗಳನ್ನೂ ಜಗಲಿಯ ಮೇಲಿಟ್ಟಳು. ಆ ಹೊತ್ತಿಗೆ ಎಂಬತ್ತರ ಹತ್ತಿರವಿದ್ದ ಅಜ್ಜಿ ಒಂದೊಂದನ್ನೂ ಮೂಸಿ ನೋಡಿದರು. ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, “ಹಾಗಾದ್ರೆ ಅಷ್ಟು ವರ್ಷ ನಮ್ಮನ್ನ ಸುಮ್ಮಸುಮ್ಮನೆ ಮೂಲೇಲಿ ಕೂರಿಸಿದ್ರಾ ಮಗಾ?” ಎಂದರು. ಯಾರ ಬಳಿಯೂ ಉತ್ತರವಿರಲಿಲ್ಲ. ಮುಂದಿನ ವರ್ಷ ಅವರ ಮನೆಯ ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟಿದ್ದು ನನ್ನ ಮಗಳೇ. ಅಜ್ಜಿಯೇ ಕರೆಸಿದ್ದರು, ದಿನ ಯಾವುದೆಂದು ಕೇಳಲಿಲ್ಲ.

ತಂದೆತಾಯಿಗಳಿಗೆ ಒಂದು ಮಾತು

“ನಮ್ಮ ಹುಡುಗನಿಗೆ ಸೈನ್ಸ್ ಹತ್ತೋದಿಲ್ಲ ಸಾರ್” ಎಂದು ಬರುವ ತಂದೆತಾಯಿಗಳನ್ನು ನಾನು ಇಂದಿಗೂ ನೋಡುತ್ತೇನೆ. ಟ್ಯೂಷನ್ನಿಗೆ ಕಳುಹಿಸುವ ಮೊದಲು ಅವನನ್ನು ಅಡುಗೆಮನೆಗೆ ಕಳುಹಿಸಿ ಎನ್ನುತ್ತೇನೆ. ಗಂಡುಮಕ್ಕಳನ್ನಂತೂ ಖಂಡಿತ ಕಳುಹಿಸಿ. ನಾನು ಹುಡುಗನಾಗಿದ್ದಾಗ “ಹೆಂಗಸರ ಮಧ್ಯೆ ನಿನಗೇನು ಕೆಲಸ” ಎಂದು ಗದರಿ ಎಬ್ಬಿಸದೆ ಇದ್ದಿದ್ದರೆ ಆ ಕೊಳಗಕ್ಕೆ ಮಜ್ಜಿಗೆ ಸುರಿಯುತ್ತಿರಲಿಲ್ಲವೇನೋ. ಅಮ್ಮ ಪಕ್ಕದ ಮನೆಯವರೊಡನೆ ಸಾರು, ಹುಳಿ, ಹಿಟ್ಟು ಎಂದು ಮಾತಾಡುವಾಗ ಮಕ್ಕಳು ಅಲ್ಲೇ ಕೂತು ಕೇಳಲಿ. ಯಾಕೆ ಎಂದು ಪ್ರಶ್ನಿಸಲಿ. ಒಂದೇ ಅಳತೆಯ ಎರಡು ಪಾತ್ರೆ ಕೇಳಿದರೆ ಬೈಯದೆ ಕೊಡಿ. ನೂರು ಗ್ರಾಂ ಬೇಳೆ ಹಾಳಾದರೆ ಅದು ಫೀಸಿನ ಲೆಕ್ಕದಲ್ಲಿ ಏನೇನೂ ಅಲ್ಲ.

ವಿದ್ಯಾರ್ಥಿಗಳೇ, ನಿಮಗೊಂದು ಮನೆಕೆಲಸ. ಈ ವಾರ ಮನೆಯ ಹಿರಿಯರು ಅಡುಗೆಯ ಬಗ್ಗೆ ಹೇಳುವ ‘ಹೀಗೆ ಮಾಡಬಾರದು’ ಎಂಬ ಮಾತುಗಳಲ್ಲಿ ಐದನ್ನು ಬರೆದುಕೊಳ್ಳಿ. ಯಾವುದಕ್ಕೆ ಕಾರಣ ಗೊತ್ತಿದೆ, ಯಾವುದನ್ನು ಮನೆಯಲ್ಲೇ ಪರೀಕ್ಷಿಸಬಹುದು ಎಂದು ಯೋಚಿಸಿ. ಒಲೆಯ ಹತ್ತಿರ ದೊಡ್ಡವರು ಜೊತೆಯಲ್ಲಿರಲಿ. ಕಲಾಯಿ ಇಲ್ಲದ ಪಾತ್ರೆಗೆ ಹುಳಿ ಹಾಕುವ ಪ್ರಯೋಗವನ್ನು ಮಾತ್ರ ಮಾಡಬೇಡಿ. ಅದನ್ನು ನಾನು ನಿಮ್ಮೆಲ್ಲರ ಪರವಾಗಿ ಮಾಡಿ ಮುಗಿಸಿದ್ದೇನೆ.